ಬ್ರೆಡ್ಡಿಗೆ ಯಾಕೆ ರೇಷನ್ ಇರಲಿಲ್ಲ?

ಡಯಟ್ ಚಾರ್ಟ್ ಬರೆದುಕೊಡುವುದು ನನ್ನ ಕೆಲಸ. ಒಬ್ಬರಿಗೆ ಬರೆದದ್ದು ಇನ್ನೊಬ್ಬರಿಗೆ ಸರಿಹೋಗುವುದಿಲ್ಲ. ದಿನವಿಡೀ ಗುದ್ದಲಿ ಹಿಡಿಯುವವರ ಹಸಿವೇ ಬೇರೆ, ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವರ ಹಸಿವೇ ಬೇರೆ, ಅಲ್ವಾ? ಹಾಗಿರುವಾಗ ಇಡೀ ದೇಶಕ್ಕೆ ಒಂದೇ ಚಾರ್ಟ್ ಬರೆಯಿರಿ ಅಂದರೆ ಏನು ಮಾಡುವುದು? ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಆಹಾರ ಇಲಾಖೆಗೆ ಇದೇ ತಲೆನೋವು.

ತಿನ್ನುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಡಗಿನಲ್ಲೇ ಬರಬೇಕಿತ್ತು, ಆ ಹಡಗುಗಳನ್ನು ಜರ್ಮನ್ ಸಬ್‌ಮರೀನುಗಳು ಮುಳುಗಿಸುತ್ತಿದ್ದವು. 1940ರ ಜನವರಿ 8ರಂದು ಬೇಕನ್ (ಉಪ್ಪು ಹಾಕಿದ ಹಂದಿಮಾಂಸ), ಬೆಣ್ಣೆ, ಸಕ್ಕರೆಗೆ ರೇಷನ್ ಬಂತು, ಅಂದರೆ ಒಬ್ಬರಿಗೆ ಇಷ್ಟೇ ಅನ್ನುವ ಮಿತಿ. ಆಮೇಲೆ ಮಾಂಸ, ಟೀ, ಚೀಸ್. ವಾರಕ್ಕೆ ಒಬ್ಬರಿಗೆ ಬೆಣ್ಣೆ ಸುಮಾರು 57 ಗ್ರಾಂ, ಸಕ್ಕರೆ 227 ಗ್ರಾಂ. ಮೊಟ್ಟೆ ಒಂದು, ಅದೂ ಅಂಗಡಿಗೆ ಬಂದಿದ್ದರೆ.

ನನಗೆ ಮೆಚ್ಚುಗೆಯಾಗುವುದು ರೇಷನ್ ಮಾಡಿದ್ದಲ್ಲ, ಮಾಡದೆ ಬಿಟ್ಟದ್ದು. ಯುದ್ಧ ಮುಗಿಯುವವರೆಗೂ ಬ್ರೆಡ್ಡಿಗೂ ಆಲೂಗಡ್ಡೆಗೂ ಮಿತಿ ಹಾಕಲಿಲ್ಲ. ಗಣಿಯವರಿಗೆ, ಹೊಲದ ಕೂಲಿಗಳಿಗೆ ಚೀಸ್ ಸ್ವಲ್ಪ ಹೆಚ್ಚು ಕೊಡುತ್ತಿದ್ದರು ನಿಜ, ಆದರೆ ಕೋಟಿಗಟ್ಟಲೆ ಜನರ ಹಸಿವನ್ನು ಒಬ್ಬೊಬ್ಬರದಾಗಿ ಅಳೆಯುವುದು ಯಾವ ಗುಮಾಸ್ತನಿಂದಲೂ ಆಗದ ಕೆಲಸ. ಹಾಗಾಗಿ ರುಚಿಯದ್ದನ್ನು ಸಮನಾಗಿ ಹಂಚಿ, ಹೊಟ್ಟೆ ತುಂಬಿಸುವುದನ್ನು ಅವರವರಿಗೇ ಬಿಟ್ಟರು.

ಬ್ರೆಡ್ ಸಾಲದೆ ಹೋದರೆ? ಅದಕ್ಕೇ 1942ರಲ್ಲಿ 'ನ್ಯಾಷನಲ್ ಲೋಫ್' ಬಂತು. ಬಿಳೀ ಹಿಟ್ಟಿನ ಹಾಗೆ ತೌಡನ್ನೆಲ್ಲ ತೆಗೆದುಹಾಕದೆ, 100 ಕಿಲೋ ಗೋಧಿಯಿಂದ 85 ಕಿಲೋ ಹಿಟ್ಟು ತೆಗೆದು ಮಾಡಿದ ಬ್ರೆಡ್ ಅದು. ಬಿಳೀ ಬ್ರೆಡ್ಡಿಗೆ ಒಗ್ಗಿದ ಜನ ಅದರ ಮಾಸಲು ಬಣ್ಣ ನೋಡಿ ಚೆನ್ನಾಗಿಯೇ ಗೊಣಗಿದರು. ಬಣ್ಣಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ತೌಡಿನಲ್ಲಿರುವ ಫೈಟಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕೇಂಬ್ರಿಡ್ಜಿನ ಆಹಾರ ಸಂಶೋಧಕರಾದ ಎಲ್ಸಿ ವಿಡೋಸನ್ ಮತ್ತು ರಾಬರ್ಟ್ ಮೆಕ್ಯಾನ್ಸ್ ಇದನ್ನು ತಮ್ಮ ಮೈಮೇಲೇ ಪ್ರಯೋಗ ಮಾಡಿ ಕಂಡುಕೊಂಡರು. ಯುದ್ಧದ ಶುರುವಿನಲ್ಲೇ ಅವರು ತಿಂಗಳುಗಟ್ಟಲೆ ಬಡ ರೇಷನ್ ತಿಂದು, ಇದರಲ್ಲಿ ಮೈ ಬಗ್ಗಿಸಿ ದುಡಿಯಬಹುದಾ ಅಂತ ನೋಡಲು ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನ ಬೆಟ್ಟ ಹತ್ತಿದವರು. (ನಮ್ಮಲ್ಲಿ ಎಷ್ಟು ಜನ ನಾವೇ ಬರೆದ ಚಾರ್ಟನ್ನು ಒಂದು ವಾರ ತಿಂದು ನೋಡಿದ್ದೇವೆ? ನಾನಂತೂ ಇಲ್ಲ.) ಪರಿಹಾರ ಸರಳವಾಗಿತ್ತು: ಹಿಟ್ಟಿಗೆ ಒಂದಿಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸೀಮೆಸುಣ್ಣದ ಪುಡಿ.

ಗರ್ಭಿಣಿಯರಿಗೂ ಪುಟ್ಟ ಮಕ್ಕಳಿಗೂ ಹಾಲು, ಕಿತ್ತಳೆ ರಸ, ಕಾಡ್ ಲಿವರ್ ಎಣ್ಣೆ (ಮೀನಿನ ಎಣ್ಣೆ) ಬೇರೆಯಾಗಿ ಸಿಗುತ್ತಿತ್ತು. ಇದರ ಹಿಂದೆ ಇಲಾಖೆಯ ವಿಜ್ಞಾನ ಸಲಹೆಗಾರ ಜ್ಯಾಕ್ ಡ್ರಮಂಡ್ ಇದ್ದರು. ಎಣ್ಣೆ ಕುಡಿಸಲು ತಾಯಂದಿರು ಪಟ್ಟ ಪಾಡು ಬೇರೆಯದೇ ಕತೆ.

ಬ್ರೆಡ್ಡಿಗೆ ರೇಷನ್ ಬಂದದ್ದು ಯುದ್ಧ ಗೆದ್ದ ಮೇಲೆ, 1946ರ ಜುಲೈಯಲ್ಲಿ. ಜಗತ್ತಿನಲ್ಲೇ ಧಾನ್ಯದ ಕೊರತೆಯಿತ್ತು. ಜೊತೆಗೆ ತಾವು ಹಿಡಿದಿದ್ದ ಜರ್ಮನಿಯ ಭಾಗದಲ್ಲಿನ ಜನರಿಗೂ ಈಗ ಬ್ರಿಟನ್ನೇ ಊಟ ಹಾಕಬೇಕಿತ್ತು.