ತುರ್ತಿಗೆ ಸಿಗುತ್ತಿದ್ದ ಬಾಡಿಗೆ: ಅಮೆರಿಕದ ಹಾಟ್‌ಶಾಟ್ ಸಾಗಣೆ ಬೆಳೆದ ಬಗೆ

ತೈಲಬಾವಿ ಕೊರೆಯುವ ರಿಗ್ಗೊಂದು ಪಂಪಿನ ಬಿಡಿಭಾಗ ಕೆಟ್ಟು ನಿಂತರೂ ಅದರ ದಿನಬಾಡಿಗೆ ಮತ್ತು ಕೆಲಸಗಾರರ ಕೂಲಿ ನಿಲ್ಲುವುದಿಲ್ಲ. ದೊಡ್ಡ ಲಾರಿ ತುಂಬಿ ಹೊರಡುವವರೆಗೆ ಕಾಯುವ ವ್ಯವಧಾನ ಅಲ್ಲಿ ಯಾರಿಗೂ ಇರುವುದಿಲ್ಲ. ಹೀಗೆ 1970ರ ದಶಕದಲ್ಲಿ ಟೆಕ್ಸಾಸ್‌ನ ತೈಲ ಪ್ರದೇಶಗಳಲ್ಲಿ, ಬೇಕಾದ ಬಿಡಿಭಾಗವನ್ನು ಪಿಕಪ್‌ಗೆ ಹೇರಿಕೊಂಡು ಹೊತ್ತುಗೊತ್ತು ನೋಡದೆ ತಲುಪಿಸುವ ಹಾಟ್‌ಶಾಟ್ ಎಂಬ ಕಸುಬು ಬೆಳೆಯಿತು. ಗಿರಾಕಿ ಹಣ ಕೊಡುತ್ತಿದ್ದುದು ಸರಕಿನ ತೂಕಕ್ಕಲ್ಲ, ಉಳಿದ ಗಂಟೆಗಳಿಗೆ. ಈ ಕಸುಬಿನ ಲಾಭ-ನಷ್ಟದ ಚರ್ಚೆಯಲ್ಲಿ ಇಂದು ಹೆಚ್ಚಾಗಿ ಮರೆತುಹೋಗುವುದು ಇದೇ ಸಂಗತಿ.

ಆ ಕಾಲದಲ್ಲಿ ಯಾರು ಬೇಕಾದರೂ ಬಾಡಿಗೆಗೆ ಸರಕು ಸಾಗಿಸುವಂತಿರಲಿಲ್ಲ. 1935ರ ಕಾಯ್ದೆಯ ಪ್ರಕಾರ ಅಂತರರಾಜ್ಯ ಸಾಗಣೆಗೆ ಕೇಂದ್ರದ ವಾಣಿಜ್ಯ ಆಯೋಗದ ಪರವಾನಗಿ ಬೇಕಿತ್ತು. ಹೊಸಬರು ತಮ್ಮ ಸೇವೆಯ ಅಗತ್ಯವನ್ನು ಸಾಬೀತುಪಡಿಸಬೇಕಿತ್ತು, ಹಳೆಯ ಕಂಪನಿಗಳು ಅದಕ್ಕೆ ತಕರಾರು ತೆಗೆಯಬಹುದಿತ್ತು. ಟೆಕ್ಸಾಸ್‌ನ ಒಳಗೆ ತೈಲದ ಉಸ್ತುವಾರಿಯನ್ನೂ ಲಾರಿಗಳ ಉಸ್ತುವಾರಿಯನ್ನೂ ನೋಡಿಕೊಳ್ಳುತ್ತಿದ್ದುದು, ವಿಚಿತ್ರವೆನಿಸಿದರೂ, ಅಲ್ಲಿನ ರೈಲ್‌ರೋಡ್ ಕಮಿಷನ್. ಅಧ್ಯಕ್ಷ ಜಿಮ್ಮಿ ಕಾರ್ಟರ್ 1980ರ ಜುಲೈ 1ರಂದು ಸಹಿ ಮಾಡಿದ ಮೋಟಾರ್ ಕ್ಯಾರಿಯರ್ ಕಾಯ್ದೆ ಅಂತರರಾಜ್ಯ ನಿರ್ಬಂಧಗಳನ್ನು ಸಡಿಲಿಸಿತು. ರಾಜ್ಯದೊಳಗಿನ ದರ ಮತ್ತು ಮಾರ್ಗಗಳ ಹಿಡಿತ 1995ರ ಆರಂಭಕ್ಕೆ ಹೋಯಿತು. ಇದಕ್ಕೂ ಮೊದಲೇ, 1978ರಲ್ಲಿ ಪೋರ್ಟ್‌ಲ್ಯಾಂಡ್‌ನ ಜುಬಿಟ್ಸ್ ಟ್ರಕ್ ನಿಲ್ದಾಣದಲ್ಲಿ ಡಯಲ್-ಎ-ಟ್ರಕ್ ಎಂಬ ಲೋಡ್ ಬೋರ್ಡ್, ಅಂದರೆ ಸಾಗಿಸಲು ಕಾದಿರುವ ಸರಕುಗಳ ಪಟ್ಟಿ, ಶುರುವಾಗಿತ್ತು. ಪರಿಚಯದ ಗಿರಾಕಿ ಇಲ್ಲದವನಿಗೂ ಲೋಡ್ ಸಿಗುವ ದಾರಿ ತೆರೆಯಿತು.

ವಾಹನಗಳೂ ಬದಲಾದವು. 1989ರ ಮಾದರಿಯಲ್ಲಿ ಡಾಡ್ಜ್ ಪಿಕಪ್‌ಗೆ 5.9 ಲೀಟರಿನ ಕಮಿನ್ಸ್ ಡೀಸೆಲ್ ಎಂಜಿನ್ ಬಂತು. 2013ರ ಹೊತ್ತಿಗೆ ರ‍್ಯಾಮ್ 3500 ಗಾಡಿಯ ಗರಿಷ್ಠ ಎಳೆತದ ಸಾಮರ್ಥ್ಯ 30,000 ಪೌಂಡ್ ಎಂದು ಕಂಪನಿಯೇ ಪ್ರಚಾರ ಮಾಡಿತು. ಹಿಂದಿನ ಅಚ್ಚಿಗೆ ನಾಲ್ಕು ಚಕ್ರಗಳಿರುವ ಇಂಥ ಪಿಕಪ್‌ನ ತೊಟ್ಟಿಯ ನಡುವೆ, ಹೆಚ್ಚುಕಡಿಮೆ ಅಚ್ಚಿನ ನೇರಕ್ಕೆ, ಉಕ್ಕಿನ ಗುಂಡೊಂದನ್ನು ಕೂರಿಸಿ ಅದರ ಮೇಲೆ ಗೂಸ್‌ನೆಕ್ ಟ್ರೈಲರ್‌ನ ಬಾಗಿದ ಕತ್ತನ್ನು ಇಳಿಸುತ್ತಾರೆ. ಸರಕಿನ ಭಾರದಲ್ಲಿ ಒಂದು ಪಾಲು ನೇರವಾಗಿ ಅಚ್ಚಿನ ಮೇಲೆ ಬೀಳುವುದರಿಂದ 40 ಅಡಿಯ ಟ್ರೈಲರ್ ಕೂಡ ಬಾಲ ಬೀಸುವುದು ಕಡಿಮೆ. ಇಂಥ ಟ್ರೈಲರ್‌ಗಳ ಮೇಲೆ ಅನುಮೋದಿತ ಒಟ್ಟು ತೂಕ ಹೆಚ್ಚಾಗಿ 25,900 ಪೌಂಡ್ ಎಂದು ನಮೂದಾಗಿರುವುದಕ್ಕೂ ಕಾರಣವಿದೆ: 26,000 ದಾಟಿದರೆ ಶೇ 12ರಷ್ಟು ಕೇಂದ್ರ ತೆರಿಗೆ ಬೀಳುತ್ತದೆ.

ತೂಕದ ಈ ಗೆರೆಗಳೇ ಕಸುಬಿನ ಆದಾಯವನ್ನು ಕತ್ತರಿಸುತ್ತವೆ. ಗಾಡಿ ಮತ್ತು ಟ್ರೈಲರ್‌ನ ಒಟ್ಟು ಅನುಮೋದಿತ ತೂಕ 26,001 ಪೌಂಡ್ ಮುಟ್ಟಿ, ಟ್ರೈಲರ್ ಒಂದೇ 10,000 ದಾಟಿದರೆ ಚಾಲಕನಿಗೆ ವಾಣಿಜ್ಯ ಪರವಾನಗಿ ಬೇಕು. 1986ರ ಕಾಯ್ದೆಯ ಈ ನಿಯಮ 1992ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದನ್ನು ತಪ್ಪಿಸಲು 14,000 ಪೌಂಡಿನ ಪಿಕಪ್‌ಗೆ 12,000 ಪೌಂಡಿನ ಟ್ರೈಲರ್ ಕಟ್ಟಿದರೆ, ಟ್ರೈಲರ್‌ನ ಸ್ವಂತ ತೂಕ ಕಳೆದು ಸರಕಿಗೆ ಉಳಿಯುವುದು ಆರೇಳು ಸಾವಿರ ಪೌಂಡ್. ದೊಡ್ಡ ಸೆಮಿ ಲಾರಿ 45,000 ಪೌಂಡ್‌ನಷ್ಟು ಹೊರುತ್ತದೆ. ಪರವಾನಗಿ ಬೇಡದ ಸಂಯೋಜನೆಗೂ ಅಂತರರಾಜ್ಯ ಬಾಡಿಗೆ ಸಾಗಣೆಯಲ್ಲಿ ಕನಿಷ್ಠ 7,50,000 ಡಾಲರ್ ಹೊಣೆಗಾರಿಕೆಯ ವಿಮೆ ಕಡ್ಡಾಯ, ಸರಕಿನವರಿಗೂ ಗಾಡಿಯವರಿಗೂ ನಡುವೆ ಬಾಡಿಗೆ ಕುದುರಿಸುವ ಬ್ರೋಕರ್‌ಗಳು ಸಾಮಾನ್ಯವಾಗಿ ಕೇಳುವುದು 10 ಲಕ್ಷ. ಬಾಗಿಲು ತೆರೆದ 1980ರ ಕಾಯ್ದೆಯೇ ಈ ವಿಮೆಯ ಹೊರೆಯನ್ನೂ ತಂದಿತ್ತು. ದಿನಕ್ಕೆ 14 ಗಂಟೆಯ ಅವಧಿಯಲ್ಲಿ 11 ಗಂಟೆ ಮಾತ್ರ ಚಾಲನೆ ಎಂಬ ನಿಯಮಕ್ಕೆ 2017ರ ಡಿಸೆಂಬರ್‌ನಿಂದ ಎಲೆಕ್ಟ್ರಾನಿಕ್ ದಾಖಲೆ ಬಂದ ಮೇಲೆ, ಕಾಗದದಲ್ಲಿ ಗಂಟೆ ಹೊಂದಿಸಿ ರಾತ್ರಿಯಿಡೀ ಓಡಿಸುವುದು ಕಷ್ಟವಾಯಿತು.

ಕಲ್ಪಿತ ಲೆಕ್ಕವೊಂದನ್ನು ನೋಡಬಹುದು. ಮೈಲಿಗೆ 2 ಡಾಲರಿನಂತೆ 1,000 ಮೈಲಿಯ ಲೋಡ್, ಮುಂದಿನ ಲೋಡ್‌ಗಾಗಿ 300 ಮೈಲಿ ಖಾಲಿ ಓಟ ಎಂದುಕೊಳ್ಳೋಣ. ಗ್ಯಾಲನ್‌ಗೆ 10 ಮೈಲಿ ಓಡಿ, ಡೀಸೆಲ್ 4 ಡಾಲರ್ ಆದರೆ ಇಂಧನಕ್ಕೆ 520. ವಿಮೆ ಮೈಲಿಗೆ 20 ಸೆಂಟ್ ಎಂದರೆ 260. ಉಳಿದ 1,220 ಡಾಲರಿನಲ್ಲಿ ಸಾಲದ ಕಂತು, ರಿಪೇರಿ, ಹದಿನಾಲ್ಕು ಟೈರುಗಳ ಸವೆತ ಹಾಗೂ ಚಾಲಕನ ಕೂಲಿ ಎಲ್ಲವೂ ಬರಬೇಕು. ಖಾಲಿ ಓಟ ಸೇರಿದರೆ ಮೈಲಿಗೆ 2 ಡಾಲರ್ ಎಂಬುದು 1.54ಕ್ಕೆ ಇಳಿದಿರುತ್ತದೆ.

ಕೋವಿಡ್ ಕಾಲದ ಏರಿಳಿತ ಇದನ್ನು ಢಾಳಾಗಿ ತೋರಿಸಿತು. 2020ರ ಮೇನಲ್ಲಿ ಬಾಡಿಗೆ ಕುಸಿದಾಗ ಲಾರಿ ಮಾಲೀಕರು ವಾಷಿಂಗ್ಟನ್‌ನಲ್ಲಿ ಬ್ರೋಕರ್‌ಗಳ ವಿರುದ್ಧ ಪ್ರತಿಭಟಿಸಿದರು. ಮುಂದಿನ ವರ್ಷ ದರ ಏರಿದ್ದೇ ಹೊಸಬರು ಸಾಲು ಸಾಲಾಗಿ ಇಳಿದರು. 2022ರ ಜೂನ್‌ನಲ್ಲಿ ಡೀಸೆಲ್ ಗ್ಯಾಲನ್‌ಗೆ 5.8 ಡಾಲರ್ ಮುಟ್ಟಿತು, ಆ ವೇಳೆಗೆ ಸ್ಪಾಟ್ ಬಾಡಿಗೆ, ಅಂದರೆ ಒಪ್ಪಂದವಿಲ್ಲದೆ ಆಯಾ ಲೋಡ್‌ಗೆ ಕುದುರುವ ದರ, ಇಳಿಯತೊಡಗಿತ್ತು. 2023ರಲ್ಲಿ ಲಾರಿ ಸಾಗಣೆಯ ದೊಡ್ಡ ಕಂಪನಿ ಯೆಲ್ಲೊ ದಿವಾಳಿ ಅರ್ಜಿ ಹಾಕಿದರೆ, ಡಿಜಿಟಲ್ ಬ್ರೋಕರ್ ಕಾನ್ವಾಯ್ ಬಾಗಿಲು ಮುಚ್ಚಿತು.

ಲೋಡ್ ಬೋರ್ಡ್‌ನಲ್ಲಿ ಪಿಕಪ್ ಮಾಲೀಕ ಸ್ಪರ್ಧಿಸುವುದು ತುರ್ತಿಲ್ಲದ ಸರಕಿಗೆ, ಅದೂ ತನಗಿಂತ ಅಗ್ಗವಾಗಿ ಪೌಂಡ್ ಸಾಗಿಸಬಲ್ಲ ಸೆಮಿ ಲಾರಿಗಳ ಜೊತೆ. ನನ್ನ ದೃಷ್ಟಿಯಲ್ಲಿ ಗಾಡಿ ಕೊಳ್ಳುವ ಮೊದಲು ನೋಡಬೇಕಾದದ್ದು ಎಂಜಿನ್ನಿನ ಬಲವಲ್ಲ. ಕೊಯ್ಲಿನ ನಡುವೆ ಯಂತ್ರ ಕೆಟ್ಟಾಗ ನೇರವಾಗಿ ಕರೆ ಮಾಡುವ ಕೃಷಿ ಉಪಕರಣ ಡೀಲರ್, ನಿಂತ ರಿಗ್‌ನ ಉಸ್ತುವಾರಿ, ಕಾಮಗಾರಿಗೆ ಸಣ್ಣ ಅಗೆಯುವ ಯಂತ್ರ ಬೇಕಾದ ಗುತ್ತಿಗೆದಾರ, ಇಂಥ ನಾಲ್ಕಾರು ಜನರ ಫೋನ್ ನಂಬರ್ ಕೈಯಲ್ಲಿದೆಯೇ ಎಂಬುದು.