ಜಪಾನಿನ ಹೂವಿನ ಕನ್ಜಾಶಿ: ಒಂದಕ್ಕೆ 300, ಇನ್ನೊಂದಕ್ಕೆ 30,000 ಯಾಕೆ?

ಪ್ರಶ್ನೆ: ಜಪಾನಿನ ಹುಡುಗಿಯರು ಕಿಮೋನೊ ಉಟ್ಟಾಗ ಮುಡಿಯುವ ಬಟ್ಟೆ ಹೂವಿನ ಕನ್ಜಾಶಿಗಳನ್ನು ಸಂಗ್ರಹಿಸಬೇಕೆಂಬ ಆಸೆ. ಆನ್‌ಲೈನ್‌ನಲ್ಲಿ ಒಂದಕ್ಕೆ 300 ರೂಪಾಯಿ, ಹೆಚ್ಚುಕಮ್ಮಿ ಅದೇ ಥರ ಇರುವ ಇನ್ನೊಂದಕ್ಕೆ 30,000. ಫೋಟೊದಲ್ಲಿ ಎರಡೂ ಚೆಂದವೇ. ವ್ಯತ್ಯಾಸ ಗುರುತಿಸೋದು ಹೇಗೆ?

ಉತ್ತರ: ಹೂವಿನ ಹಿಂಭಾಗದ ಫೋಟೊ ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

300 ರೂಪಾಯಿಯದು ಸಾಮಾನ್ಯವಾಗಿ ಪಾಲಿಯೆಸ್ಟರ್ ರಿಬ್ಬನ್ನಿನದು. ದಾರ ಬಿಚ್ಚದಂತೆ ಅದರ ಅಂಚನ್ನು ಬೆಂಕಿಗೆ ಹಿಡಿದು ಕರಗಿಸುತ್ತಾರೆ. ಎಸಳುಗಳನ್ನು ಗ್ಲೂ ಗನ್‌ನಿಂದ ಅಂಟಿಸಿ, ಹಿಂದೆ ಒಂದು ದುಂಡನೆಯ ಫೆಲ್ಟ್ ತುಂಡು ಹಚ್ಚುತ್ತಾರೆ. ಅಂಚು ಮುಟ್ಟಿದರೆ ಗಟ್ಟಿಯಾಗಿ ಚುಚ್ಚುತ್ತದೆ. ಮಗುವಿನ ಹೇರ್‌ಕ್ಲಿಪ್ಪಿಗೆ ಇದು ಚೆನ್ನಾಗಿಯೇ ಇದೆ, ತೊಳೆಯಲೂಬಹುದು. ಆದರೆ ಇದೇ ಬೇರೆ, ಅದೇ ಬೇರೆ.

ಹಳೆಯ ಪದ್ಧತಿಯ ಹೆಸರು ತ್ಸುಮಾಮಿ. ಬಟ್ಟೆಯನ್ನು ಚಿಮುಟದಲ್ಲಿ ಹಿಡಿದು ಮಡಿಸುವ ಈ ಕೈಕೆಲಸ ಬೆಳೆದದ್ದು ಎಡೊ ಕಾಲದಲ್ಲಿ, ಅಂದರೆ 1603ರಿಂದ 1868ರ ನಡುವೆ. ಬಳಸುವುದು ಹಬುತಾಯೆ ಎಂಬ ತೆಳು ರೇಷ್ಮೆ. ಎಷ್ಟು ತೆಳು ಅಂದರೆ, ಒಂದು ಚದರ ಮೀಟರ್ ಬಟ್ಟೆ ಸುಮಾರು 17 ಗ್ರಾಂ ತೂಗಬಹುದು. ಅದಕ್ಕೆ ಬಣ್ಣ ಹಾಕಿ ಪುಟ್ಟ ಪುಟ್ಟ ಚೌಕಗಳಾಗಿ ಕತ್ತರಿಸುತ್ತಾರೆ. ಒಂದು ಚೌಕಕ್ಕೆ ಒಂದು ಎಸಳು.

ಮೂಲ ಮಡಿಕೆ ಎರಡೇ. ಚೌಕವನ್ನು ಕರ್ಣದಲ್ಲಿ ಮಡಿಸಿ ತ್ರಿಕೋನ ಮಾಡಿ, ಮತ್ತೊಮ್ಮೆ ಅರ್ಧಕ್ಕೆ ಮಡಿಸಿ, ಎರಡು ತುದಿಗಳನ್ನು ಹಿಂದಕ್ಕೆ ತಿರುಗಿಸಿದರೆ ಉಬ್ಬಿದ ದುಂಡು ಎಸಳು. ತ್ರಿಕೋನವನ್ನು ಮಡಿಸುತ್ತಲೇ ಹೋದರೆ ಕತ್ತಿಯಂಥ ಚೂಪು ಎಸಳು. ಪ್ಲಮ್ ಹೂವಿಗೆ ದುಂಡು, ಸೇವಂತಿಗೆಗೆ ಹೆಚ್ಚಾಗಿ ಚೂಪು.

ಕೇಳಲು ಸುಲಭ ಅನಿಸುತ್ತೆ, ಅಲ್ವಾ? ಕಷ್ಟ ಇರುವುದು ಅಂಟಿನಲ್ಲಿ. ಒಂದು ಹಲಗೆಯ ಮೇಲೆ ಅಕ್ಕಿಯ ಅಂಟನ್ನು ಚೆನ್ನಾಗಿ ನಾದಿ ತೆಳ್ಳಗೆ ಹರಡಿರುತ್ತಾರೆ. ಮಡಿಸಿದ ಎಸಳುಗಳನ್ನು ಅದರ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ಬುಡ ಅಂಟು ಹೀರಿಕೊಂಡ ಮೇಲೆ ಒಂದೊಂದನ್ನೇ ಎತ್ತಿ, ಕಾಗದ ಅಥವಾ ಬಟ್ಟೆ ಹೊದಿಸಿದ ಪುಟ್ಟ ರಟ್ಟಿನ ಬಿಲ್ಲೆಯ ಮೇಲೆ ಕೂರಿಸುತ್ತಾರೆ. ಅಂಟು ತೆಳುವಾದರೆ ಎಸಳು ಬಿಚ್ಚಿಕೊಳ್ಳುತ್ತದೆ, ಜಾಸ್ತಿಯಾದರೆ ಮೇಲೇರಿ ರೇಷ್ಮೆಗೆ ಕಲೆ ಬೀಳುತ್ತದೆ. ಪೂರ್ತಿ ಒಣಗುವ ಮೊದಲೇ ಎಸಳುಗಳ ಬಾಯಿ ಬಿಡಿಸಿ, ಅಂತರ ಸರಿಮಾಡಿ ಮುಗಿಸಬೇಕು. ಆಮೇಲೆ ಹೂಗಳ ತಂತಿಗಳನ್ನು ಸೇರಿಸಿ ರೇಷ್ಮೆ ದಾರ ಸುತ್ತುತ್ತಾರೆ. ಐದೆಸಳಿನ ಒಂದು ಪ್ಲಮ್ ಹೂವಿಗೆ ಇಷ್ಟು. ಕೆಳಗೆ ಇಳಿಬಿಟ್ಟ ನೇರಳೆ ವಿಸ್ಟೀರಿಯಾ ಮಾಲೆಗಳಲ್ಲಿ ಇಂಥ ಎಸಳು ಎಷ್ಟಿರುತ್ತವೆ ಅಂತ ಫೋಟೊದಲ್ಲೇ ಎಣಿಸಿ ನೋಡಿ. ಬೆಲೆಗೆ ಬೇರೆ ಕಾರಣ ಹುಡುಕಬೇಕಿಲ್ಲ.

ಹಾಗಾಗಿ ನೋಡಬೇಕಾದ್ದು ಇಷ್ಟೇ: ಹಿಂದೆ ಅಚ್ಚುಕಟ್ಟಾದ ಬಿಲ್ಲೆ, ದಾರ ಸುತ್ತಿದ ತಂತಿ, ಸುಡದ ಅಂಚು, ಒಂದೇ ಎತ್ತರದ ಎಸಳು. ನಡುವಿನ ದರ್ಜೆಯವೂ ಇವೆ. ಮಡಿಕೆ ಹಳೆಯದೇ, ಬಟ್ಟೆ ಮಾತ್ರ ರೇಯಾನ್ ಕ್ರೇಪ್, ಅಂಟು ಅಂಗಡಿಯದು. ಅವು ಮೋಸವೇನಲ್ಲ. ರೇಷ್ಮೆ ಅಂತ ಹೇಳಿ ಮಾರಿದರೆ ಮಾತ್ರ ಮೋಸ.

ಇನ್ನು ಸಂಗ್ರಹದ ಮಾತು. ನನ್ನ ಪ್ರಕಾರ ನಿಜವಾದ ಮಜಾ ಇರುವುದು ಕ್ಯೋಟೊದ ಮೈಕೊಗಳ ಕನ್ಜಾಶಿಯಲ್ಲಿ. ಮೈಕೊ ಅಂದರೆ ಗೇಕೊ ಆಗಲು ಹಾಡು, ಕುಣಿತ ಕಲಿಯುತ್ತಿರುವ ಹುಡುಗಿ. ಗೇಕೊಗಳನ್ನು ಹೊರಗಿನವರು ಗೀಶಾ ಅನ್ನುತ್ತಾರೆ. ಮೈಕೊಳ ಮುಡಿಯ ಹೂವು ತಿಂಗಳು ತಿಂಗಳಿಗೂ ಬದಲಾಗುತ್ತದೆ. ಫೆಬ್ರವರಿಗೆ ಪ್ಲಮ್, ಮಾರ್ಚಿಗೆ ಹಳದಿ ಸಾಸಿವೆ ಹೂವು, ಏಪ್ರಿಲ್‌ಗೆ ಚೆರ್ರಿ, ಮೇಗೆ ವಿಸ್ಟೀರಿಯಾ, ಅಕ್ಟೋಬರ್‌ಗೆ ಸೇವಂತಿಗೆ, ನವೆಂಬರ್‌ಗೆ ಕೆಂಪು ಮೇಪಲ್ ಎಲೆ. ಹೊಸ ವರ್ಷಕ್ಕೆ ನಿಜವಾದ ಭತ್ತದ ತೆನೆ, ಜೊತೆಗೆ ಕಣ್ಣಿಲ್ಲದ ಬಿಳಿ ಪಾರಿವಾಳ. ಒಂದು ಕಣ್ಣನ್ನು ತಾನು ಬರೆದು, ಇನ್ನೊಂದನ್ನು ಮೆಚ್ಚಿದವನ ಕೈಲಿ ಬರೆಸಿದರೆ ಪ್ರೀತಿ ಕೈಗೂಡುತ್ತದೆ ಎಂಬ ನಂಬಿಕೆ ಇದೆ.

ಡಿಸೆಂಬರಿನದು ನನಗೆ ಎಲ್ಲಕ್ಕಿಂತ ಇಷ್ಟ. ಆ ಹೊತ್ತಿಗೆ ಕ್ಯೋಟೊದ ಮಿನಾಮಿಜಾ ರಂಗಮಂದಿರದಲ್ಲಿ ಕಬುಕಿ ನಾಟಕದ ದೊಡ್ಡ ಪ್ರದರ್ಶನ ನಡೆಯುತ್ತದೆ, ಹೊರಗೆ ನಟರ ಹೆಸರಿನ ಹಲಗೆಗಳನ್ನು ತೂಗುಹಾಕುತ್ತಾರೆ. ಮೈಕೊಗಳ ಕನ್ಜಾಶಿಯಲ್ಲೂ ಅವೇ ಹಲಗೆಗಳು ಪುಟ್ಟದಾಗಿ, ಖಾಲಿಯಾಗಿ ಇರುತ್ತವೆ. ಹುಡುಗಿ ನಾಟಕ ನೋಡಲು ಹೋಗಿ, ತನ್ನ ಮೆಚ್ಚಿನ ನಟನಿಂದ ಅದರ ಮೇಲೆ ಹೆಸರು ಬರೆಸಿಕೊಂಡು ಬರುತ್ತಾಳೆ. ಹಳೆಯದೊಂದು ಕೈಗೆ ಸಿಕ್ಕು ಅದರಲ್ಲಿ ಬರಹ ಇದ್ದರೆ, ಯಾರೋ ನಿಜವಾಗಿ ಮುಡಿದದ್ದು ಅಂತ ಹೇಳಬಹುದು. ಮೈಕೊ ಕನ್ಜಾಶಿಯಲ್ಲಿ ಕೆನ್ನೆಯ ಪಕ್ಕ ಉದ್ದಕ್ಕೆ ಇಳಿಬಿದ್ದ ಹೂಮಾಲೆ ಇದ್ದರೆ ಅದು ಮೊದಲ ವರ್ಷದ ಮೈಕೊಳದು. ಹಿರಿಯಳಾದಂತೆ ಆ ಮಾಲೆ ಹೋಗುತ್ತದೆ.

ಸಾಮಾನ್ಯ ಮನೆಗಳ ಹುಡುಗಿಯರು ಮುಡಿಯುವುದು ಮುಖ್ಯವಾಗಿ ನವೆಂಬರಿನ ಶಿಚಿಗೊಸಾನ್ ಹಬ್ಬಕ್ಕೆ (3 ಮತ್ತು 7 ವರ್ಷದವರು) ಮತ್ತು ಜನವರಿಯ ಎರಡನೇ ಸೋಮವಾರ ಬರುವ, ವಯಸ್ಕರಾದವರ ದಿನಕ್ಕೆ. ಒಂದೆರಡು ಸಲ ಮುಡಿದು ಎತ್ತಿಟ್ಟವು ಆಮೇಲೆ ಹಳೆಯ ಕಿಮೋನೊ ಮಾರುವ ಅಂಗಡಿಗೆ ಬರುತ್ತವೆ. ಶುರು ಮಾಡುವವರು ಅಲ್ಲಿಂದಲೇ ಶುರು ಮಾಡಿ. ಒಂದೆರಡು ಎಸಳು ಬಿದ್ದಿದ್ದರೂ ಪರವಾಗಿಲ್ಲ. ಅಕ್ಕಿ ಅಂಟು ನೀರು ತಾಕಿದರೆ ಮೆತ್ತಗಾಗುತ್ತದೆ, ಹಾಗಾಗಿ ರಿಪೇರಿ ಸಾಧ್ಯ. ಗ್ಲೂ ಗನ್ನಿನದನ್ನು ಕೀಳಲು ಹೋದರೆ ಬಟ್ಟೆಯೇ ಹರಿಯುತ್ತದೆ.

ಇದೇ ಗುಣ ನಮ್ಮ ಮಳೆಗಾಲದಲ್ಲಿ ಶತ್ರು. ಮಂಗಳೂರು, ಮಡಿಕೇರಿ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇವನ್ನು ಗಾಜಿನ ಶೋಕೇಸಿನಲ್ಲಿ ಇಡಬೇಡಿ. ಬೂಸ್ಟು ಬರುತ್ತದೆ, ಗಂಜಿ ಇರುವ ಕಡೆ ಬೆಳ್ಳಿಮೀನು (ಸಿಲ್ವರ್‌ಫಿಶ್) ಹುಳವೂ ಬರುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ, ಎಸಳು ಅಮುಕದಂತೆ ಸುತ್ತಲೂ ಮೆತ್ತನೆ ಟಿಶ್ಯೂ ಕಾಗದ. ಬಿಸಿಲು ಬೀಳದ ಜಾಗದಲ್ಲಿಡಿ, ಯಾಕಂದರೆ ರೇಷ್ಮೆಯ ಗುಲಾಬಿ ಬಣ್ಣ ಒಮ್ಮೆ ಮಾಸಿದರೆ ಯಾವ ರಿಪೇರಿಯಿಂದಲೂ ವಾಪಸ್ ಬರಲ್ಲ.