ಬದಿಯಡ್ಕದ ಒತ್ತಕ್ಷರ ಮತ್ತು ಎಂಟು ಚುಕ್ಕಿಯ ಬೆಂಚು

ಅಡಿಕೆ ಲೆಕ್ಕಕ್ಕೆ ಕಡಿಮೆಯೆಂದರೂ ಐದು ಕಾಲಂ ಬೇಕು: ತಾರೀಕು, ಹೆಸರು, ತೂಕ, ದರ, ಮೊತ್ತ. ತಾರೀಕಿಗೆ ಎಂಟು ಅಕ್ಷರ, ಹೆಸರಿಗೆ ಹನ್ನೆರಡು, ತೂಕಕ್ಕೆ ಐದು, ದರಕ್ಕೆ ಆರು, ಮೊತ್ತಕ್ಕೆ ಒಂಬತ್ತು ಕೊಟ್ಟರೆ 40 ಆಯಿತು. ನಡುವೆ ಒಂದೊಂದು ಖಾಲಿ ಜಾಗ ಬಿಟ್ಟರೆ 44. 1986ರ ಬೇಸಿಗೆ ರಜೆಯಲ್ಲಿ ನನ್ನ ಮುಂದಿದ್ದ ಕಂಪ್ಯೂಟರು ಒಂದು ಸಾಲಿನಲ್ಲಿ 32 ಅಕ್ಷರಗಳಿಗಿಂತ ಒಂದನ್ನೂ ಹೆಚ್ಚು ಬರೆಯುತ್ತಿರಲಿಲ್ಲ.

ಆ ಯಂತ್ರವನ್ನು ಕುವೈತಿನಿಂದ ತಂದವರು ನನ್ನ ಸೋದರಮಾವ. ಕಾಸರಗೋಡಿನ ಕಡೆಯ ಮನೆಗಳಿಗೆ ಆಗ ಕೊಲ್ಲಿಯಿಂದ ಬರುತ್ತಿದ್ದುದು ಟೇಪ್ ರೆಕಾರ್ಡರು, ಅತ್ತರು, ಕಂಬಳಿ. ನೀರ್ಚಾಲಿನ ನಮ್ಮ ಮನೆಗೆ ಅವುಗಳ ಜೊತೆ ರಬ್ಬರು ಕೀಲಿಗಳ ಪುಟ್ಟ ಕಪ್ಪು ಪೆಟ್ಟಿಗೆಯೊಂದೂ ಬಂತು: ಸಿಂಕ್ಲೇರ್ ಸಂಸ್ಥೆ 1982ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆ ಮಾಡಿದ್ದ ಝಡ್‌ಎಕ್ಸ್ ಸ್ಪೆಕ್ಟ್ರಮ್. ಅದನ್ನು ಟೀವಿಗೆ ಜೋಡಿಸಿ ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಬೇಕು. ತುಂಬುವಾಗ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಆಟಕ್ಕೆ ತಂದದ್ದಲ್ಲ, ಅಡಿಕೆ ಲೆಕ್ಕ ಬರೆದು ತೋರಿಸು ಎಂದು ಮಾವನ ಅಪ್ಪಣೆಯಾಯಿತು. ಹೆಸರಿನ ಕಾಲಂ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ 32ರೊಳಗೆ ಕೂರುತ್ತದೆ ಎಂದು ನಾನು ಹುರುಪಿನಿಂದ ತೋರಿಸಿದೆ. ಮಾವ ಪರದೆಯನ್ನೇ ಸ್ವಲ್ಪ ಹೊತ್ತು ನೋಡಿ, “ಯಾರಿಂದ ಬಂದದ್ದೆಂದು ಹೇಳದ ಲೆಕ್ಕ ಯಾರಿಗೆ ಬೇಕು ಮಾರಾಯ?” ಎಂದರು.

ಪರದೆಯ ಅಗಲ 256 ಚುಕ್ಕಿ, ಒಂದು ಅಕ್ಷರದ ಅಗಲ ಎಂಟು ಚುಕ್ಕಿ. ಭಾಗಿಸಿದರೆ 32. ಹಾಗಾದರೆ ಸಪೂರವಾದ ಅಕ್ಷರ ಬರೆದರಾಯಿತಲ್ಲ? ನನಗೂ ಮೊದಲು ಹೊಳೆದದ್ದು ಅದೇ, ಮತ್ತು ಅದು ತಪ್ಪು. ಸ್ಪೆಕ್ಟ್ರಮ್ಮಿನ ಅಚ್ಚಿನ ಅಕ್ಷರಗಳು ಯಂತ್ರದ ಅಳಿಸಲಾಗದ ನೆನಪಿನಲ್ಲಿ 15616ನೇ ವಿಳಾಸದಿಂದ ಆರಂಭವಾಗುತ್ತವೆ. 96 ಅಕ್ಷರ, ಅಕ್ಷರಕ್ಕೆ ಎಂಟು ಬೈಟ್, ಒಟ್ಟು 768. ಆ ಅಕ್ಷರಗಳು ಎಲ್ಲಿವೆ ಎಂಬ ಸುಳಿವು 23606 ಮತ್ತು 23607ನೇ ಮನೆಗಳಲ್ಲಿ ಇರುತ್ತದೆ. ಆ ಎರಡು ಸಂಖ್ಯೆ ಬದಲಿಸಿದರೆ ಯಂತ್ರ ನಿಮ್ಮ ಸ್ವಂತ ಅಕ್ಷರಗಳನ್ನು ಎತ್ತಿಕೊಂಡು ಬರೆಯುತ್ತದೆ. ನಾನು ಒಂದು ವಾರ ಕುಳಿತು ಐದೇ ಚುಕ್ಕಿ ಅಗಲದ ಅಕ್ಷರ ಕೊರೆದೆ. ಪರದೆಯ ಮೇಲೆ ಸಪೂರ ಅಕ್ಷರಗಳು ಬಂದವು, ಸಾಲಿಗೆ ಮೂವತ್ತೆರಡೇ! ಒಂದೊಂದರ ಬಲಕ್ಕೆ ಮೊದಲಿಗಿಂತ ದೊಡ್ಡ ಖಾಲಿ. ಮದುವೆ ಮನೆಯಲ್ಲಿ ಉಣ್ಣುವವರು ಬಡಕಲಾದ ಮಾತ್ರಕ್ಕೆ ಎಲೆಗಳ ನಡುವಿನ ಅಂತರ ಕಡಿಮೆಯಾಗುವುದಿಲ್ಲ. ಅಕ್ಷರದ ಆಕಾರ ಒಂದು, ಅದು ಕೂರುವ ಜಾಗ ಇನ್ನೊಂದು.

ಜಾಗವನ್ನು ಬದಲಿಸಬೇಕಾದರೆ ಯಂತ್ರದ ಬರವಣಿಗೆಯನ್ನೇ ಕೈಬಿಟ್ಟು, ಪ್ರತಿ ಅಕ್ಷರವನ್ನೂ ಚಿತ್ರದಂತೆ ನಾವೇ ಬಿಡಿಸಬೇಕು. ತೊಡಕು ಇರುವುದು ಇಲ್ಲಿ, ನನಗೆ ಇಂದಿಗೂ ಖುಷಿ ಕೊಡುವುದೂ ಇದೇ. ಪರದೆಯ ಚಿತ್ರ ನೆನಪಿನಲ್ಲಿ 6144 ಬೈಟ್‌ಗಳಾಗಿ ಕುಳಿತಿರುತ್ತದೆ. ಒಂದು ಬೈಟ್ ಎಂದರೆ ಎಂಟು ಜನ ಕೂರುವ ಬೆಂಚು ಎಂದುಕೊಳ್ಳಿ. ಸಾಲಿನಲ್ಲಿ ಇಂಥ 32 ಬೆಂಚು. ನಮ್ಮ ಅಕ್ಷರಗಳು ಆರಾರು ಜನರ ಕುಟುಂಬಗಳು, ಐದು ಚುಕ್ಕಿ ಅಕ್ಷರಕ್ಕೆ, ಒಂದು ಚುಕ್ಕಿ ಖಾಲಿಗೆ. ಮೊದಲ ಕುಟುಂಬ ಮೊದಲ ಬೆಂಚಿನಲ್ಲಿ ಕೂರುತ್ತದೆ, ಎರಡು ಜಾಗ ಉಳಿಯುತ್ತದೆ. ಎರಡನೆಯ ಕುಟುಂಬದ ಇಬ್ಬರು ಅಲ್ಲಿ, ನಾಲ್ವರು ಮುಂದಿನ ಬೆಂಚಿನಲ್ಲಿ. ಮೂರನೆಯ ಕುಟುಂಬದ ನಾಲ್ವರು ಎರಡನೇ ಬೆಂಚಿನಲ್ಲಿ, ಇಬ್ಬರು ಮೂರನೆಯದರಲ್ಲಿ. ನಾಲ್ಕನೆಯ ಕುಟುಂಬದ ಆರೂ ಜನ ಮೂರನೇ ಬೆಂಚಿನ ಉಳಿದ ಜಾಗಕ್ಕೆ ಸರಿಹೊಂದಿದರು. ಮೂರು ಬೆಂಚು, ನಾಲ್ಕು ಕುಟುಂಬ, 24 ಜನ. ಐದನೆಯ ಕುಟುಂಬ ಮತ್ತೆ ಹೊಸ ಬೆಂಚಿನ ತುದಿಯಿಂದಲೇ ಶುರು.

ಆದರೆ ಈ ಛತ್ರದಲ್ಲಿ ಒಂದು ವಿಚಿತ್ರ ನಿಯಮವಿದೆ. ಒಬ್ಬನನ್ನು ಮಾತ್ರ ಎಬ್ಬಿಸಲಾಗದು, ಒಬ್ಬನನ್ನು ಮಾತ್ರ ಕೂರಿಸಲಾಗದು. ಎತ್ತುವುದಾದರೆ ಇಡೀ ಬೆಂಚನ್ನೇ ಎತ್ತಬೇಕು, ಇಡುವುದಾದರೆ ಇಡೀ ಬೆಂಚನ್ನೇ ಇಡಬೇಕು. ಎರಡನೆಯ ಕುಟುಂಬದ ಇಬ್ಬರನ್ನು ಅಜಾಗರೂಕತೆಯಿಂದ ಕೂರಿಸಲು ಹೋದರೆ ಮೊದಲ ಕುಟುಂಬದ ಆರೂ ಜನ ಮಾಯ. ಅದಕ್ಕೇ ಬೆಂಚನ್ನು ಒಳಗೆ ತಂದು, ನಮಗೆ ಬೇಕಾದ ಎರಡು ಜಾಗವನ್ನಷ್ಟೇ ಖಾಲಿ ಮಾಡಿ, ಅಲ್ಲಿ ನಮ್ಮವರನ್ನು ಕೂರಿಸಿ, ಬೆಂಚನ್ನು ಮೊದಲಿದ್ದಲ್ಲಿಗೇ ತಂದಿಡಬೇಕು. ಖಾಲಿ ಮಾಡುವ ಕೆಲಸಕ್ಕೆ ಒಂದು ಮುಸುಕು ಬೇಕು: ಗೋಡೆಗೆ ಅಚ್ಚು ಹೊಡೆಯುವವರು ಬಣ್ಣ ತಾಗಬಾರದ ಕಡೆ ತಗಡು ಹಿಡಿಯುವ ಹಾಗೆ. ಸೊನ್ನೆ ಇದ್ದಲ್ಲಿ ಅಳಿಸು, ಒಂದು ಇದ್ದಲ್ಲಿ ಮುಟ್ಟಬೇಡ. ಸೀರೆಯ ಅಂಚು ನೇಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂಬುದೇ ಅವರ ದಿನದ ಕೆಲಸ.

ಅಕ್ಷರದ ಎತ್ತರ ಎಂಟು ಸಾಲು, ಹಾಗಾಗಿ ಒಂದು ಅಕ್ಷರಕ್ಕೆ ಹೀಗೆ ಎಂಟು ಸಲ. ಸ್ಪೆಕ್ಟ್ರಮ್ಮಿನ ಝಡ್80 ಪ್ರೊಸೆಸರಿಗೆ ಒಂದು ಏಟಿಗೆ ಒಂದೇ ಚುಕ್ಕಿಯಷ್ಟು ಸರಿಸಲು ಬರುತ್ತದೆ. ಆರು ಚುಕ್ಕಿ ಸರಿಸಬೇಕಾದರೆ ಆರು ಏಟು. ಬೇಸಿಕ್ ಭಾಷೆಯಲ್ಲಿ ಬರೆದರೆ ಒಂದು ಸಾಲು ಮೂಡುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಪುಣ್ಯಕ್ಕೆ ಯಂತ್ರದ ಜೊತೆ ಬಂದ ಕೈಪಿಡಿಯ ಅನುಬಂಧದಲ್ಲಿ ಪ್ರತಿ ಸಂಖ್ಯೆಯ ಎದುರು ಅದರ ಝಡ್80 ಆದೇಶವೂ ಅಚ್ಚಾಗಿತ್ತು. ಆ ಪಟ್ಟಿ ನೋಡಿ, ಹಳೆಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಕೈಯಿಂದಲೇ ಯಂತ್ರಭಾಷೆ ಬರೆದೆ. ಈ ಯಂತ್ರದ ಪರದೆಯ ವಿಳಾಸಗಳು ಹುಚ್ಚರ ಸಂತೆಯಂತೆ ಕಾಣುತ್ತವೆ. ಒಂದು ಅಕ್ಷರದೊಳಗೆ ಚುಕ್ಕಿಗಳ ಒಂದು ಸಾಲಿನಿಂದ ಅದರ ಕೆಳಗಿನ ಸಾಲಿಗೆ ಇಳಿಯಲು 32 ಅಲ್ಲ, 256 ಕೂಡಿಸಬೇಕು. ಹುಚ್ಚಿನ ಹಿಂದೆ ಜಾಣತನವಿದೆ. 256 ಕೂಡಿಸುವುದೆಂದರೆ ವಿಳಾಸದ ಮೇಲಿನ ಅರ್ಧಕ್ಕೆ ಒಂದು ಕೂಡಿಸುವುದು, ಒಂದೇ ಚಿಕ್ಕ ಆದೇಶ. ಅಕ್ಷರ ಬಿಡಿಸುವುದು ಬೇಗವಾಗಲೆಂದೇ ಹೀಗೆ.

ಯಂತ್ರದ ಅಚ್ಚಿನ ಅಕ್ಷರ ಬಳಸುವುದು, ಅಕ್ಷರವನ್ನು ಚಿತ್ರದಂತೆ ಬಿಡಿಸುವುದು: ಈ ಎರಡು ಪದ್ಧತಿಗಳ ವ್ಯತ್ಯಾಸ ನಮ್ಮ ಕರಾವಳಿಗೆ ಹೊಸದೇನಲ್ಲ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದಾಗ ಅದು ಮುದ್ರಣವಾದದ್ದು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ. ಕಲ್ಲಚ್ಚಿಗೆ ಅಚ್ಚುಮೊಳೆಗಳಿಲ್ಲ. ಕೈಯಲ್ಲಿ ಬರೆದದ್ದು ಕಲ್ಲಿಗೆ, ಕಲ್ಲಿನಿಂದ ಕಾಗದಕ್ಕೆ. ಅಕ್ಷರ ಎಷ್ಟು ಸಪೂರವಿರಬೇಕು, ಒತ್ತು ಎಷ್ಟು ಕೆಳಗಿಳಿಯಬೇಕು ಎಂಬುದು ಬರೆಯುವವನ ಕೈಗೆ ಬಿಟ್ಟದ್ದು. ಸೀಸದ ಮೊಳೆಗಳ ಅಚ್ಚುಕೂಟದಲ್ಲಾದರೆ ಪೆಟ್ಟಿಗೆಯಲ್ಲಿ ಯಾವ ಮೊಳೆ ಇದೆಯೋ ಅದೇ ಗತಿ. ಕಂಪ್ಯೂಟರಿನ ಅಕ್ಷರ ವಿಧಾನವೆಂದರೆ ಮೊಳೆ, ಚಿತ್ರ ವಿಧಾನವೆಂದರೆ ಕಲ್ಲು. ಮೊಳೆ ವೇಗ, ಕಲ್ಲು ಸ್ವತಂತ್ರ. ಇಷ್ಟು ತಿಳಿದರೆ ಉಳಿದದ್ದು ಕೂಡಿಸು ಕಳೆಯುವ ಲೆಕ್ಕ.

ಆರು ಚುಕ್ಕಿಯ ಜಾಗದಲ್ಲಿ ಸಾಲಿಗೆ 42 ಅಕ್ಷರ ಸಿಕ್ಕಿತು. ಹೆಸರಿಗೆ ಹನ್ನೆರಡರ ಬದಲು ಹತ್ತು, ಮಾವ ಒಪ್ಪಿದರು. ದುರಾಸೆ ಪಟ್ಟರೆ ನಾಲ್ಕು ಚುಕ್ಕಿಗೂ ಇಳಿಯಬಹುದು, ಆಗ 64. ಟಾಸ್ವರ್ಡ್ ಟು ಎಂಬ ಬರವಣಿಗೆಯ ತಂತ್ರಾಂಶ ಇದೇ ಸ್ಪೆಕ್ಟ್ರಮ್ಮಿನಲ್ಲಿ ಹಾಗೆ ಬರೆಯುತ್ತಿತ್ತು. ನಾಲ್ಕರಲ್ಲಿ ಬೆಂಚು ಹಂಚಿಕೊಳ್ಳುವ ರಗಳೆ ಕಡಿಮೆ, ಬೆಂಚಿಗೆ ಸರಿಯಾಗಿ ಎರಡು ಕುಟುಂಬ. 96 ಅಕ್ಷರಗಳೂ 384 ಬೈಟ್‌ಗಳಲ್ಲಿ ಮುಗಿದುಹೋಗುತ್ತವೆ. ಆದರೆ ಖಾಲಿ ಬಿಟ್ಟು ಅಕ್ಷರಕ್ಕೆ ಉಳಿಯುವುದು ಮೂರೇ ಚುಕ್ಕಿ, ಮೂರು ಚುಕ್ಕಿಯಲ್ಲಿ ಇಂಗ್ಲಿಷಿನ ಎಂ ಬರೆಯಿರಿ ನೋಡೋಣ. ಎರಡು ಕಂಬ, ನಡುವೆ ಒಂದು ಕಣಿವೆ. ಮೂರರಲ್ಲಿ ಕಂಬಗಳಿಗೇ ಎರಡು ಹೋಗಿ ಕಣಿವೆಗೆ ಉಳಿಯುವುದು ಒಂದು ಚುಕ್ಕಿ. ಅದನ್ನು ಮೇಲ್ಗಡೆ ತುಂಬಿದರೆ ಎಂ, ಕೆಳಗಡೆ ತುಂಬಿದರೆ ಡಬ್ಲ್ಯೂ, ನಡುಮಧ್ಯೆ ಒಂದೇ ಅಡ್ಡಗೆರೆಯಾದರೆ ಎಚ್. ಒಂಟಿಯಾಗಿ ನೋಡಿದರೆ ಇವು ಏನೂ ಅಲ್ಲ. ಪದದೊಳಗೆ ಬಂದಾಗ ಕಣ್ಣು ತಾನೇ ಓದಿಕೊಳ್ಳುತ್ತದೆ. ದೊಡ್ಡ ಅಕ್ಷರವನ್ನು ಕುಗ್ಗಿಸಿದರೆ ಇದು ಬರುವುದಿಲ್ಲ, ಕಲೆಸಿದ ಹಿಟ್ಟು ಬರುತ್ತದೆ. ಯಾವ ಗೆರೆ ಹೋದರೂ ಗುರುತು ಉಳಿಯುತ್ತದೆ ಎಂದು ಒಂದೊಂದೇ ಚುಕ್ಕಿ ಕಿತ್ತು ನೋಡಬೇಕು.

ಬಣ್ಣದ ಪಜೀತಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಪೆಕ್ಟ್ರಮ್ಮಿನಲ್ಲಿ ಎಂಟಕ್ಕೆ ಎಂಟರ ಒಂದು ಚೌಕಕ್ಕೆ ಎರಡೇ ಬಣ್ಣ. ಬಾಕಿ ಮೊತ್ತವನ್ನು, ಅದರ ಎಡಗಡೆಯ ಖಾಲಿ ಜಾಗದ ಸಮೇತ, ಕೆಂಪಾಗಿಸಲು ಹೋದೆ. ಆರರ ಅಕ್ಷರ ಎಂಟರ ಚೌಕದ ಗಡಿ ದಾಟುತ್ತದಲ್ಲ, ಪಕ್ಕದ ಕಾಲಮ್ಮಿನ ಕೊನೆಯ ಅಂಕಿಯ ಅರ್ಧವೂ ಕೆಂಪಾಯಿತು. ದರಕ್ಕೂ ಬಾಕಿಯ ಸೂತಕ ತಗುಲಿತು ಎಂದು ಮಾವ ನಕ್ಕರು.

ಇಷ್ಟೆಲ್ಲ ಆದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಅಜ್ಜನಿಗೆ ಲೆಕ್ಕ ಕನ್ನಡದಲ್ಲೇ ಬೇಕಿತ್ತು. ಒಂದು ಪ್ರಯೋಗ ಮಾಡಿ: ಇಂಗ್ಲಿಷ್ ಸಾಲಿನ ಕೆಳಗಿನ ಅರ್ಧವನ್ನು ಕಾಗದದಿಂದ ಮುಚ್ಚಿದರೂ ಓದಬಹುದು, ಮೇಲಿನ ಅರ್ಧ ಮುಚ್ಚಿದರೆ ತಡವರಿಸುತ್ತೇವೆ. ಕನ್ನಡದಲ್ಲಿ ಲೆಕ್ಕಾಚಾರ ಬೇರೆ. ಎಷ್ಟೋ ಅಕ್ಷರಗಳಿಗೆ ಮೇಲಿರುವುದು ಒಂದೇ ತಲಕಟ್ಟು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ಬೇರೆಯಾಗುವುದು ಬುಡದ ಒಂದು ಸೀಳಿನಿಂದ. ರ ಮತ್ತು ಠ ಹೊಟ್ಟೆಯೊಳಗಿನ ಒಂದು ಚುಕ್ಕಿಯಿಂದ. ಹಾಗೆಂದು ಮೇಲ್ಭಾಗವನ್ನು ಬಿಡುವಂತೆಯೂ ಇಲ್ಲ, ಕಿ ಮತ್ತು ಕೆ ಬೇರೆಯಾಗುವುದು ಅಲ್ಲೇ. ಇನ್ನು ಒತ್ತಕ್ಷರ ಪಾತಾಳಕ್ಕೇ ಇಳಿಯುತ್ತದೆ. ಎಂಟು ಸಾಲಿನ ಎತ್ತರದಲ್ಲಿ ತಲಕಟ್ಟಿಗೆ ಎರಡು, ಮೈಗೆ ಐದು, ಸೀಳಿಗೆ ಒಂದು ಕೊಟ್ಟರೆ ಒತ್ತಿಗೆ ಉಳಿಯುವುದು ಸೊನ್ನೆ. ಅಗಲವೂ ಏಕರೂಪವಲ್ಲ. ರ ಮೂಲೆಯಲ್ಲಿ ಮುದುರಿ ಕೂರುತ್ತದೆ, ಮೋ ಕಾಲು ಚಾಚಿ ಮಲಗುತ್ತದೆ. ಹೀಗಾಗಿ ಅಕ್ಷರಕ್ಕೊಂದು ಅಗಲದ ಪಟ್ಟಿ ಇಟ್ಟುಕೊಂಡು, ಬರೆದಷ್ಟೇ ಮುಂದೆ ಸರಿಯುವ ಪದ್ಧತಿ ಬೇಕು. ಬೆಂಚಿನ ಉಪಾಯ ಗೊತ್ತಿದ್ದವನಿಗೆ ಇದು ಕಷ್ಟವಲ್ಲ. ಆರರ ಬದಲು ಒಮ್ಮೆ ಐದು, ಒಮ್ಮೆ ಹದಿಮೂರು, ಅಷ್ಟೇ.

ಈ ಮಾತು ತೆಗೆದರೆ ಸಮಾರಂಭಗಳಲ್ಲಿ ಇಬ್ಬರು ಎದುರಾಗುತ್ತಾರೆ. ಕನ್ನಡ ಲಿಪಿ ಕಂಪ್ಯೂಟರಿಗೆ ಹೊಂದುವುದೇ ಇಲ್ಲ ಎನ್ನುವವರು ಒಬ್ಬರು. ಸಂಸ್ಕೃತವೇ ಕಂಪ್ಯೂಟರಿನ ಭಾಷೆ, ನಾಸಾದವರೇ ಹೇಳಿದ್ದಾರೆ ಎನ್ನುವವರು ಇನ್ನೊಬ್ಬರು. ಎರಡನೆಯ ಮಾತಿನ ಬೇರು 1985ರಲ್ಲಿ ನಾಸಾದ ಸಂಶೋಧನಾ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಬರೆದ ಒಂದು ಲೇಖನ. ಅದು ವ್ಯಾಕರಣದ ಬಗೆಗಿನದು, ಲಿಪಿಗೂ ಪರದೆಗೂ ಸಂಬಂಧವಿಲ್ಲ. ಪರದೆಗೆ ಯಾವ ಲಿಪಿಯೂ ಗೊತ್ತಿಲ್ಲ, ಅದಕ್ಕೆ ಚುಕ್ಕಿ ಉರಿಸುವುದು ಮತ್ತು ಆರಿಸುವುದು ಗೊತ್ತು. ಎಂಟಕ್ಕೆ ಎಂಟರ ಅಂಗಿ ಹೊಲಿದದ್ದು ಇಂಗ್ಲಿಷಿನ ಅಳತೆಗೆ. ಅದು ನಮ್ಮ ಮೈಗೆ ಬಿಗಿಯಾದರೆ ಮೈಯನ್ನು ಬಯ್ಯುವುದೇಕೆ? ಮಾವ ದುಡಿಯುತ್ತಿದ್ದ ಕುವೈತಿನಲ್ಲೇ ಇದ್ದ ಸಂಸ್ಥೆಯೊಂದು ಅದೇ ಕಾಲದಲ್ಲಿ ‘ಸಖ್ರ್’ ಹೆಸರಿನಲ್ಲಿ ಅರಬ್ಬಿ ಬರೆಯುವ ಎಂಎಸ್‌ಎಕ್ಸ್ ಎಂಬ ಮಾದರಿಯ ಮನೆ ಕಂಪ್ಯೂಟರು ಮಾರುತ್ತಿತ್ತು. ಪದದ ಆದಿ, ಮಧ್ಯ, ಅಂತ್ಯಕ್ಕೆ ತಕ್ಕಂತೆ ರೂಪ ಬದಲಿಸುವ ಲಿಪಿ ಅದು. ಬೇಕೆಂದು ಕುಳಿತರು, ಮಾಡಿದರು.

ನಮ್ಮಲ್ಲೂ ಕುಳಿತವರಿದ್ದರು. ಪೀಸಿಗಳ ಅಕ್ಷರ ವಿಧಾನದ ಒಂಬತ್ತಕ್ಕೆ ಹದಿನಾಲ್ಕರ ಚೌಕದಲ್ಲಿ ನಮ್ಮ ಲಿಪಿಗಳು ತೂರುವುದಿಲ್ಲವೆಂದು ಐಐಟಿ ಕಾನ್ಪುರದ ಕೆಲಸದಿಂದ ಬೆಳೆದ ಜಿಸ್ಟ್ ಕಾರ್ಡು ಬಂತು. ಪೀಸಿಯ ಹೊಟ್ಟೆಗೆ ಸಿಕ್ಕಿಸುವ ಇನ್ನೊಂದು ಹಲಗೆ ಅದು, ಮುಂದೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್ ಅದನ್ನು ಬೆಳೆಸಿತು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಕೀಲಿಮಣೆಯ ಕಡೆಯಿಂದ ಗಂಟು ಬಿಚ್ಚಿದರು. ಬೆರಳು ಧ್ವನಿಯನ್ನು ಒತ್ತಲಿ, ರೂಪವನ್ನು ಯಂತ್ರ ಜೋಡಿಸಿಕೊಳ್ಳಲಿ ಎಂಬ ಅವರ ದಾರಿಯಲ್ಲೇ ಈ ಲೇಖನವನ್ನು ಬೆರಳಚ್ಚಿಸುತ್ತಿದ್ದೇನೆ.

ಸ್ಪೆಕ್ಟ್ರಮ್ ಸತ್ತು ಬಹಳ ವರ್ಷವಾಯಿತು. ಆದರೆ ಕುಂಬಳೆ ಪೇಟೆಯಲ್ಲಿ ನಿಂತು ಬಸ್ಸುಗಳ ಹಣೆಯ ಎಲ್‌ಇಡಿ ಫಲಕ ನೋಡಿದರೆ ನನಗೆ 1986 ನೆನಪಾಗುತ್ತದೆ. ಮಲಯಾಳ ಬರುತ್ತದೆ, ಇಂಗ್ಲಿಷ್ ಬರುತ್ತದೆ, ಕನ್ನಡದ ಸರದಿ ಬಂದಾಗ ಒಂದು ಫಲಕದಲ್ಲಿ ಬದಿಯಡ್ಕದ ಕ ಒತ್ತು ಅರ್ಧಕ್ಕೇ ತುಂಡಾಗಿ ಊರು ‘ಬದಿಯಡ’ ಆಗಿತ್ತು. ಅಚ್ಚಿನ ಅಕ್ಷರವನ್ನು ಯಾರೋ ಹಾಗೆಯೇ ಕುಗ್ಗಿಸಿ ತುರುಕಿದ್ದರು. ಮನೆಗೆ ಬಂದು ಚೌಕುಳಿ ಕಾಗದ ತೆಗೆದೆ. ಎತ್ತರ 16 ಸಾಲು ಎಂದಿಟ್ಟುಕೊಂಡೆ: ಮೇಲಿನ ಕಟ್ಟಿಗೆ ಎರಡು, ಮೈಗೆ ಎಂಟು, ನಡುವೆ ಒಂದು ಖಾಲಿ, ಒತ್ತಿಗೆ ಐದು. ಕ ಒತ್ತಿಗೆ ತಲಕಟ್ಟು ಬೇಡವಾದ್ದರಿಂದ ಐದರಲ್ಲಿ ಸಲೀಸಾಗಿ ಕುಳಿತಿತು. ಮಂಜೇಶ್ವರದ ವ ಒತ್ತೂ ಆಯಿತು, ವಿಟ್ಲದ ಲ ಒತ್ತಿಗೆ ಒಂದು ಸುರುಳಿ ಕಿತ್ತೆ. ಮುಳ್ಳೇರಿಯ ಮಾತ್ರ ಜಗ್ಗುತ್ತಿಲ್ಲ. ಆ ಳ ಒತ್ತು ಆರು ಸಾಲಿಗಿಂತ ಕಡಿಮೆಯಾದರೆ ಳ ಆಗಿ ಉಳಿಯುವುದಿಲ್ಲ, ಮೇಲಿನ ಳ ಎಂಟಕ್ಕಿಂತ ಕೆಳಗಿಳಿಯುವುದಿಲ್ಲ. ಒಟ್ಟು 17.